ಟೊಮೆಟೊ ಮಳೆಗಾಲದವರೆಗೆ ಉಳಿಯಬೇಕಾ? ಫ್ರೀಜರ್, ಬಿಸಿಲು, ತೊಕ್ಕು ಮೂರೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನದು ತೊಕ್ಕಿನ ಪಕ್ಷ. ಆ ಪಕ್ಷ ಸೇರುವ ಮೊದಲೇ 18,000 ರೂಪಾಯಿ ಕೊಟ್ಟು ಫ್ರೀಜರ್ ತಂದಾಗಿತ್ತು, ಅದು ನನ್ನ ಕರ್ಮ.

2023ರ ಜುಲೈ ನೆನಪಿದೆಯಲ್ವಾ? ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ನಮ್ಮ ಮಡಿಕೇರಿ ಕಡೆ ಆ ತಿಂಗಳಲ್ಲಿ ಹಿತ್ತಲಲ್ಲಿ ಬೆಳೆಯೋಣ ಅಂದರೆ ಎಲೆ ಕಪ್ಪಾಗಿ ಕಾಯಿ ಕೊಳೆಯುತ್ತದೆ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದು ಸಸಿ ನೆಟ್ಟರೆ ಜನವರಿಯಿಂದ ಬುಟ್ಟಿಗಟ್ಟಲೆ ಹಣ್ಣು. ತಿನ್ನುವವರಿಲ್ಲದೆ ಹಾಳಾಗುವಷ್ಟು. ಅದನ್ನು ಜುಲೈವರೆಗೆ ಹೇಗಾದರೂ ತಲುಪಿಸಬೇಕು ಅನ್ನುವ ಹಟ ಅಲ್ಲಿಂದ ಶುರುವಾಯಿತು.

ನೆಟ್ಟದ್ದು ಎರಡು ಸಾಲು. ಒಂದು ಅತ್ತೆಯವರು ವರ್ಷವರ್ಷ ಎತ್ತಿಡುವ ನಾಟಿ ಬೀಜದ್ದು, ಇನ್ನೊಂದು ಅಂಗಡಿ ಪ್ಯಾಕೆಟ್ಟಿನ ಹೈಬ್ರಿಡ್. ನಾಟಿಯದ್ದು ತೆಳು ಸಿಪ್ಪೆ, ರಸವೇ ರಸ, ಒಳ್ಳೆ ಹುಳಿ. ಹೈಬ್ರಿಡ್‌ನದ್ದು ದಪ್ಪ ತಿರುಳು, ರಸ ಕಡಿಮೆ. ಇಳುವರಿ ಹೈಬ್ರಿಡ್‌ನದ್ದೇ ಜಾಸ್ತಿ, ಸುಳ್ಳು ಹೇಳುವುದಿಲ್ಲ. ಆದರೆ ಅದರ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ಒಂದೊಂದು ಗಿಡ ಒಂದೊಂದು ಥರ. ನಾಟಿಯಲ್ಲಿ ಆ ಗೋಳಿಲ್ಲ, ಹೂವು ತನ್ನಲ್ಲೇ ಪರಾಗ ಮಾಡಿಕೊಳ್ಳುವುದರಿಂದ ಹೆಚ್ಚಾಗಿ ತಾಯಿಯಂಥದೇ ಮಗಳು. ಸೊರಗು ರೋಗ ಇರುವ ಮಣ್ಣಾದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ನೋಡಿ, ಅದು ತಡೆದುಕೊಳ್ಳುತ್ತದೆ. ಅದೂ ಹೈಬ್ರಿಡ್ಡೇ, ಬೀಜ ಪ್ರತಿಸಲ ಕೊಳ್ಳಬೇಕು. ಎತ್ತಿಡುವ ಆಸೆ ಇದ್ದರೆ ಅದೇ ಸಂಸ್ಥೆಯ ಅರ್ಕಾ ವಿಕಾಸ್ ಆಗುತ್ತದೆ.

ಈಗ ಫ್ರೀಜರ್ ಕಥೆ. ತೊಳೆದು, ಎರಡು ಹೋಳು ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಒಳಗಿಟ್ಟರೆ ಕೆಲಸ ಮುಗಿಯಿತು. ಹೊರಗೆ ತೆಗೆದು ಸ್ವಲ್ಪ ಕರಗಿದ ಮೇಲೆ ಸಿಪ್ಪೆ ಅಂಗಿ ಕಳಚಿದಂತೆ ಬರುತ್ತದೆ. ಸಾರಿಗೆ ಹಾಕಿದರೆ ತಾಜಾ ಹಣ್ಣಿನದ್ದೇ ರುಚಿ. ಏಪ್ರಿಲ್, ಮೇ ಎರಡು ತಿಂಗಳು ನಾನು ಊರಿಗೆಲ್ಲ ಇದನ್ನೇ ಹೊಗಳಿದೆ. ಜೂನ್ ಬಂತು.

ಕೊಡಗಿನ ಮಳೆಗಾಲದಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಸಿಲ್ವರ್ ಓಕ್ ಮರವೊಂದು ತಂತಿ ಮೇಲೆ ಬಿತ್ತು, ನಮ್ಮ ಲೈನಿಗೆ ನಾಲ್ಕು ದಿನ ಕರೆಂಟಿಲ್ಲ. ತುಂಬಿದ ಫ್ರೀಜರ್ ಮುಚ್ಚಳ ತೆಗೆಯದೆ ಇದ್ದರೆ ಸುಮಾರು 48 ಗಂಟೆ ತಣ್ಣಗಿರುತ್ತದೆ, ಅರ್ಧ ತುಂಬಿದ್ದರೆ 24. ನನ್ನದು ಆಗಲೇ ಅರ್ಧ ಖಾಲಿ. ಅದು ಗೊತ್ತಿದ್ದರೂ ಎರಡು ಗಂಟೆಗೊಮ್ಮೆ ಮುಚ್ಚಳ ಎತ್ತಿ ಇಣುಕುತ್ತಿದ್ದವಳು ನಾನೇ. ಅತ್ತೆ ಒಲೆ ಮುಂದೆ ಕೂತು, "ಅದನ್ನ ಸುಮ್ನೆ ಬಿಡು ಮಾರಾಯ್ತಿ, ನೀನು ನೋಡಿದರೆ ಕರೆಂಟು ಬರುತ್ತದಾ?" ಅಂದರು.

ಮೂರನೆಯ ದಿನ ಚೀಲಗಳಲ್ಲಿ ಕೆಂಪು ನೀರು. ಪಕ್ಕದ ತೋಟದವರ ಜನರೇಟರ್ ಕೇಳೋಣ ಅಂದರೆ ಅವರ ಮನೆಯಲ್ಲೇ ಎರಡು ಫ್ರಿಡ್ಜು. ನಾಲ್ಕನೆಯ ದಿನ ಚೀಲಗಳು ಉಬ್ಬಿಕೊಂಡಿದ್ದವು, ತೆರೆದರೆ ಹುಳಿ ಹೆಂಡದ ವಾಸನೆ. ಹನ್ನೊಂದು ಕಿಲೋ ಟೊಮೆಟೊ ಗೊಬ್ಬರದ ಗುಂಡಿಗೆ ಹೋಯಿತು. ಆ ತಳ ತಿಕ್ಕಿ ತೊಳೆದ ದಿನವೇ ಫ್ರೀಜರ್ ಮೇಲಿನ ಮೋಹ ಬಿಟ್ಟಿತು. ಬೆಂಗಳೂರಿನ ಫ್ಲ್ಯಾಟಿನಲ್ಲಿರುವವರಿಗೆ ಇದೇ ಒಳ್ಳೆಯದು ಇರಬಹುದು, ನನಗೆ ಗೊತ್ತು. ನಾನು ಫ್ಲ್ಯಾಟಿನಲ್ಲಿಲ್ಲ.

ಬಿಸಿಲಿಗೆ ಖರ್ಚಿಲ್ಲ. ಜನವರಿಯಲ್ಲಿ ಕಣದಲ್ಲಿ ಕಾಫಿ ಹೇಗೂ ಒಣಗುತ್ತಿರುತ್ತದೆ, ಪಕ್ಕದಲ್ಲೇ ಒಂದು ಚಾಪೆ ಹಾಸಿ ಉಪ್ಪು ಸವರಿದ ಹೋಳು ಹರಡಿದೆ. ಹೈಬ್ರಿಡ್ ನಾಲ್ಕು ದಿನಕ್ಕೆ ಗರಿಗರಿ. ನಾಟಿ ಏಳು ದಿನವಾದರೂ ಅಂಟಂಟು. ಟೊಮೆಟೊದಲ್ಲಿ ನೂರಕ್ಕೆ 94ರಷ್ಟು ನೀರೇ, ಹತ್ತು ಕಿಲೋ ಒಣಗಿಸಿದರೆ ಸಿಕ್ಕಿದ್ದು ಒಂದು ಡಬ್ಬಿ. ದಿನಾ ಸಂಜೆ ಮಂಜು ಬೀಳುವ ಮೊದಲು ಒಳಗೆ ತರಬೇಕು. ಒಂದು ಸಂಜೆ ಮರೆತೆ, ಬೂಸ್ಟು ಬಂತು. ಕೋಳಿಗಳ ವಿಷಯ ಬೇರೆ.

ತೊಕ್ಕಿಗೆ ನಾಟಿ ಹಣ್ಣೇ ಸರಿ, ಆ ಹುಳಿಯೇ ಅದಕ್ಕೆ ಜೀವ. ಐದು ಕಿಲೋ ಹಣ್ಣು ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಸೌದೆ ಒಲೆ ಮೇಲೆ ಎರಡು ಗಂಟೆ. ಅಲ್ಯೂಮಿನಿಯಂ ಬೇಡ, ಹುಳಿಗೆ ಕೆಡುತ್ತದೆ. ಎಣ್ಣೆ, ಉಪ್ಪು, ಖಾರದ ಪುಡಿ, ಹುರಿದ ಸಾಸಿವೆ-ಮೆಂತ್ಯದ ಪುಡಿ, ಕೊನೆಗೆ ಒಂದು ಚಮಚ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿರಸ. ಎಣ್ಣೆ ಮೇಲೆ ಬರುವವರೆಗೂ ಕೈಯಾಡಿಸಬೇಕು. ಸಿಡಿದು ನನ್ನ ಮೊಣಕೈಗೆ ಎರಡು ಕಲೆ ಆಗಿದೆ. ಎಣ್ಣೆ ಖರ್ಚೂ ಇದೆ. ಆದರೆ ಚಿಕ್ಕ ಚಿಕ್ಕ ಗಾಜಿನ ಬಾಟಲಿಗೆ ತುಂಬಿ, ಒದ್ದೆ ಚಮಚ ಹಾಕದಂತೆ ಮಕ್ಕಳಿಗೆ ಹೆದರಿಸಿಟ್ಟದ್ದು ಆಗಸ್ಟ್ ಕೊನೆಯವರೆಗೂ ಬಂತು. ಅಕ್ಕಿ ತರಿಯ ಉಂಡೆ ಕಡಂಬುಟ್ಟಿಗೂ ಆಯಿತು, ಅಕ್ಕಿ ರೊಟ್ಟಿಗೂ ಆಯಿತು. ಕರೆಂಟು ಇಲ್ಲದ ಆ ನಾಲ್ಕು ದಿನ ನಾವು ಉಂಡದ್ದೂ ಅದನ್ನೇ.

ಈ ಸಲ ಹದಿನೈದು ನಾಟಿ ಗಿಡ, ಒಣಗಿಸಲಿಕ್ಕೆ ಅಂತ ಐದು ಹೈಬ್ರಿಡ್. ಬೀಜಕ್ಕೆ ಮೊದಲ ಕೊಯ್ಲಿನ ಒಳ್ಳೆ ಹಣ್ಣನ್ನೇ ತೊಕ್ಕಿನಿಂದ ಬಚಾವು ಮಾಡಿ, ತಿರುಳನ್ನು ಲೋಟದಲ್ಲಿ ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ತಟ್ಟೆಯಲ್ಲಿ ನೆರಳಲ್ಲಿ ಒಣಗಿಸಿದ್ದೇನೆ. ಕಾಗದದ ಮೇಲೆ ಒಣಗಿಸಬೇಡಿ, ಅಂಟಿಕೊಂಡು ಪ್ರಾಣ ತಿನ್ನುತ್ತದೆ. ಮಳೆಯ ತೇವಕ್ಕೆ ಬೀಜದ ಬಾಟಲಿ ತಳದಲ್ಲಿ ಒಂದು ಹಿಡಿ ಹುರಿದ ಅಕ್ಕಿ.

ಫ್ರೀಜರ್ ಮಾರೋಣ ಅಂದರೆ ಇವರು ಒಪ್ಪುತ್ತಿಲ್ಲ. ಹಂದಿ ಮಾಂಸಕ್ಕೆ ಬೇಕಂತೆ.