ಮಾರಿದವರ ಲೆಕ್ಕದಲ್ಲಿ 1966, ನೆಕ್ಕಿನ ಬುಡದಲ್ಲಿ 1969: ಹಳೇ ಪ್ರಿಸಿಶನ್ ಬೇಸ್ ಜೊತೆ ಐದು ವರ್ಷ

ಈ ಫೆಂಡರ್ ಕಂಪನಿಯ ಪ್ರಿಸಿಶನ್ ಬೇಸ್ ಗಿಟಾರ್ ನನ್ನ ಕೈಗೆ ಬಂದು ಐದು ವರ್ಷವಾಯಿತು. ತಂದ ವಾರವೇ ಬರೆದಿದ್ದರೆ ಬರೀ ಹೊಗಳಿಕೆ ಇರುತ್ತಿತ್ತು. ಈಗ ಅದರ ಹೊಟ್ಟೆಯೊಳಗೆ ಏನಿದೆ ಅಂತ ನೋಡಿಯಾಗಿದೆ, ಅದು ಒಂದು ಸಲ ನನಗೆ ಕೈಕೊಟ್ಟೂ ಆಗಿದೆ.

ಮಾರಿದವರು 1966ರದ್ದು ಅಂದಿದ್ದರು. ಬೇಕೆಂದೇ ಸುಳ್ಳು ಹೇಳಿದರು ಅಂತ ನನಗೆ ಇವತ್ತಿಗೂ ಅನಿಸಿಲ್ಲ. ಮೈಮೇಲಿನ ಪ್ಲಾಸ್ಟಿಕ್ ಹಲಗೆ (ಪಿಕ್‌ಗಾರ್ಡ್) ತೆಗೆದು, ಸದ್ದು ಹೆಚ್ಚುಕಮ್ಮಿ ಮಾಡುವ ವಾಲ್ಯೂಮ್ ಪಾಟಿನ ಬೆನ್ನಿಗೆ ಒತ್ತಿದ್ದ ಅಂಕಿ ಓದಿದ್ದರು ಪಾಪ. 137 ಅಂದರೆ ಪಾಟ್ ಮಾಡಿದ್ದು ಸಿಟಿಎಸ್ ಕಂಪನಿ, ಅದರ ಮುಂದಿನ ಎರಡಂಕಿ ವರ್ಷ, ಕೊನೆಯ ಎರಡಂಕಿ ವಾರ. ವರ್ಷದ ಜಾಗದಲ್ಲಿ 66 ಇತ್ತು. ಓದಿದ್ದು ಸರಿ, ಹಾಕಿದ ಲೆಕ್ಕ ತಪ್ಪು. 1966ರಲ್ಲಿ ಫೆಂಡರ್‌ನವರು ಪಾಟುಗಳನ್ನು ರಾಶಿಗಟ್ಟಲೆ ತರಿಸಿಕೊಂಡಿದ್ದರು, 1969ರಲ್ಲೂ ಅದೇ ದಾಸ್ತಾನಿನಿಂದ ತೆಗೆದು ಹಾಕುತ್ತಿದ್ದರು. ಹಾಗಾಗಿ ಪಾಟ್ ಹೇಳುವುದು 'ನಾನು ಇದಕ್ಕಿಂತ ಹಳಬ ಅಲ್ಲ' ಅಂತ ಅಷ್ಟೇ. ನೆಕ್ (ಬೆರಳಿಟ್ಟು ತಂತಿ ಒತ್ತುವ ಉದ್ದನೆಯ ಭಾಗ) ಮೈಗೆ ಸೇರುವಲ್ಲಿ ಹಿಂದೆ ಇರುವ ಲೋಹದ ಪ್ಲೇಟಿನ ನಂಬರನ್ನೂ ಹೀಗೆಯೇ ಅರ್ಧ ನಂಬಬೇಕು. ಪ್ಲೇಟುಗಳು ಕ್ರಮ ಸಂಖ್ಯೆಯ ಪ್ರಕಾರ ವಾದ್ಯಕ್ಕೆ ಕೂರುತ್ತಿರಲಿಲ್ಲ.

ನನಗೆ ನೆಕ್ಕಿನ ಬುಡ ನೋಡಬೇಕಿತ್ತು. "ಸರ್, ನೆಕ್ ಒಂಚೂರು ಬಿಚ್ಚಲಾ?" ಅಂದೆ. "ಐವತ್ತು ವರ್ಷದಿಂದ ಯಾರೂ ಬಿಚ್ಚದೇ ಇರೋದನ್ನ ನೀವ್ಯಾಕ್ರೀ ಬಿಚ್ತೀರಾ?" ಅಂದರು. ಹೇಗೋ ಒಪ್ಪಿಸಿದೆ. ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ತೆಗೆದು, ನೆಕ್ ಮೇಲೆತ್ತಿದರೆ ಗುಂಡಿಯೊಳಗೆ ನಾಲ್ಕು ಮೂಲೆ ಮಡಿಸಿದ ಉಪ್ಪುಕಾಗದದ ಚೂರು! ನೆಕ್ಕಿನ ಓರೆ ತಿದ್ದಲು ಯಾರೋ ಎಂದೋ ಇಟ್ಟಿದ್ದು. ಇಬ್ಬರೂ ಮುಖ ನೋಡಿಕೊಂಡೆವು. ಅದರ ಪಕ್ಕದಲ್ಲೇ, ನೆಕ್ಕಿನ ಬುಡದ ಬೋಳು ಮರದ ಮೇಲೆ, ಮಾಸಿದ ಶಾಯಿಯ ಮುದ್ರೆ: 5 ನವೆಂಬರ್ 69 ಸಿ. ಬಹಳ ಜನ ಇದನ್ನು ನವೆಂಬರ್ ಐದನೇ ತಾರೀಖು ಅಂತ ಓದುತ್ತಾರೆ. ಈ 5 ತಾರೀಖಲ್ಲ, ಪ್ರಿಸಿಶನ್ ಬೇಸಿನ ಸಂಕೇತ. ಫೆಂಡರ್‌ನದೇ ಇನ್ನೊಂದು ಮಾದರಿ ಜಾಝ್ ಬೇಸಾಗಿದ್ದರೆ 7 ಇರುತ್ತಿತ್ತು. ಕೊನೆಯ ಸಿ ಅಂದರೆ ನಟ್ (ತಲೆಯ ಬಳಿ ತಂತಿ ಕೂರುವ ಪಟ್ಟಿ) ಹತ್ತಿರ ನೆಕ್ಕಿನ ಅಗಲ, ಒಂದೂ ಮುಕ್ಕಾಲು ಇಂಚು. ಒಂದೇ ಸಾಲಿನ ಮುದ್ರೆಯಿಂದ ವಾದ್ಯ ಮೂರು ವರ್ಷ ಚಿಕ್ಕದಾಯಿತು, ಬೆಲೆಯೂ ಇಳಿಯಿತು. ಮುದ್ರೆ ನೋಡದೇ ಕೊಳ್ಳಬೇಡಿ. ಬಿಚ್ಚಲು ಬಿಡುವುದಿಲ್ಲ ಅಂದರೆ ಎದ್ದು ಬನ್ನಿ.

ಬಣ್ಣದ ವಿಷಯದಲ್ಲಿ ಮಾತ್ರ ನಾನೇ ಬೇಸ್ತು ಬೀಳುವುದರಲ್ಲಿದ್ದೆ. ತಲೆಯ ಮುಂಭಾಗ ಜೇನಿನ ಹಾಗೆ ಹಳದಿ, ನೆಕ್ಕಿನ ಹಿಂಭಾಗ ಬಿಳಚಿಕೊಂಡಿದೆ. ಯಾರೋ ಮತ್ತೆ ಬಣ್ಣ ಹೊಡೆದಿದ್ದಾರೆ ಅಂದುಕೊಂಡೆ. ಅಸಲಿಗೆ ಆ ವ್ಯತ್ಯಾಸವೇ ಸಾಚಾ ಎನ್ನುವುದರ ಗುರುತು. 1968ರ ಸುಮಾರಿಗೆ ಅವರು ದಪ್ಪ ಪಾಲಿಯೆಸ್ಟರ್ ಲೇಪಕ್ಕೆ ಬದಲಾದರು, ಆದರೆ ತಲೆಯ ಮೇಲಿನ ಹೆಸರಿನ ಸ್ಟಿಕ್ಕರಿಗೆ ಅದು ಆಗಿಬರಲಿಲ್ಲ. ಹಾಗಾಗಿ ಮುಖಕ್ಕೆ ಮಾತ್ರ ಹಳೇ ನೈಟ್ರೋ ಲ್ಯಾಕರ್ ಉಳಿಯಿತು. ಹಳದಿಗಟ್ಟುವುದು ನೈಟ್ರೋ ಗುಣ.

ಇನ್ನು ನುಡಿಸುವ ಮಾತು. 1951ರಲ್ಲಿ ಲಿಯೋ ಫೆಂಡರ್ ಇದನ್ನು ತಂದಾಗ ಇಟ್ಟ 34 ಇಂಚಿನ ತಂತಿಯುದ್ದ ಇದರಲ್ಲೂ ಹಾಗೇ ಇದೆ. ಅಗಲ ನೆಕ್ಕಿಗೆ ನನ್ನ ಎಡಗೈ ಒಗ್ಗಲು ಎರಡು ತಿಂಗಳು ಹಿಡಿಯಿತು, ಕಿರುಬೆರಳು ಇವತ್ತಿಗೂ ತಕರಾರು ತೆಗೆಯುತ್ತದೆ. ತೂಕ ನಾಲ್ಕು ಕಿಲೋಗೆ ಸ್ವಲ್ಪ ಮೇಲೆ. ಅಗಲ ಪಟ್ಟಿ ಇಲ್ಲದೆ ಎರಡು ತಾಸು ನಿಂತು ನುಡಿಸಿದರೆ ಮರುದಿನ ಹೆಗಲು ನೆನಪಿಸುತ್ತದೆ. ಫ್ಲಾಟ್‌ವೂಂಡ್ (ಹೊರಸುತ್ತು ನಯವಾಗಿರುವ) ತಂತಿ ಹಾಕಿ ನಾಲ್ಕು ವರ್ಷ ಕಳೆಯಿತು, ಬದಲಿಸುವ ಯೋಚನೆ ಇಲ್ಲ. ಮೊದಲ ತಿಂಗಳ ಲೋಹದ ಕಿಣಿಕಿಣಿ ಹೋದ ಮೇಲೆ ಬಂದ ನಾದವೇ ಬೇರೆ: 'ಇ' ತಂತಿ ಮೀಟಿದರೆ ದುಂಡಗೆ ಏಳುತ್ತದೆ, ಎಳೆದಾಡದೆ ಕೂತುಬಿಡುತ್ತದೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಶನ್ನಿನ ಫ್ಲಾಟ್‌ವೂಂಡ್ ತಂತಿಗಳನ್ನು ತುಂಡಾಗುವವರೆಗೂ ಬದಲಿಸುತ್ತಿರಲಿಲ್ಲ ಅನ್ನುತ್ತಾರೆ. ನನ್ನದು ಅಷ್ಟು ದೊಡ್ಡ ಸಿದ್ಧಾಂತವಲ್ಲ, ಅರ್ಧ ಸೋಮಾರಿತನ.

ಕಿರಿಕಿರಿ ಎರಡಿವೆ. ಒಂದು, 'ಜಿ' ತಂತಿಯ ಐದು, ಆರನೇ ಫ್ರೆಟ್ಟಿನಲ್ಲಿ (ಫ್ರೆಟ್ ಅಂದರೆ ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ಸ್ವರ ನಿಲ್ಲುವುದಿಲ್ಲ, ಮೀಟಿದ್ದೇ ತಡ ಆರಿಹೋಗುತ್ತದೆ. ಈ ಜಾತಿಯ ನೆಕ್ಕುಗಳಲ್ಲಿ ಇದು ಮಾಮೂಲು. ಆ ಸ್ವರಕ್ಕೆ ನೆಕ್ಕೇ ನಡುಗಿ ತಂತಿಯ ಶಕ್ತಿಯನ್ನೆಲ್ಲ ಕುಡಿದುಬಿಡುತ್ತದೆ. ತಲೆಗೆ ಸಣ್ಣ ಭಾರದ ಕ್ಲಾಂಪ್ ಕಚ್ಚಿಸಿ ನೋಡಿದೆ, ಸತ್ತ ಜಾಗ ಒಂದು ಫ್ರೆಟ್ ಆಚೆ ಹೋಯಿತು, ಅಷ್ಟೇ. ತೆಗೆದಿಟ್ಟೆ. ಎರಡನೆಯದು ಟ್ರಸ್ ರಾಡ್, ನೆಕ್ಕಿನ ಬಾಗು ತಿದ್ದಲು ಒಳಗಿರುವ ಲೋಹದ ಸರಳು. ಅದರ ತಿರುಪು ನೆಕ್ಕಿನ ಬುಡದಲ್ಲಿದೆ. ಹವೆ ಬದಲಾಗಿ ನೆಕ್ ಬಾಗಿದಾಗಲೆಲ್ಲ ತಂತಿ ಸಡಿಲಿಸಿ, ಸ್ಕ್ರೂ ಬಿಚ್ಚಿ, ನೆಕ್ ಎತ್ತಿ, ಕಾಲು ಸುತ್ತು ತಿರುಗಿಸಿ, ಎಲ್ಲ ಮತ್ತೆ ಕಟ್ಟಿ, ಶ್ರುತಿ ಮಾಡಿ ನೋಡಬೇಕು. ಸಾಲದಿದ್ದರೆ ಮೊದಲಿಂದ. ಹೀಗೆ ಬಿಚ್ಚಿ ಬಿಚ್ಚಿ ಒಂದು ಸ್ಕ್ರೂವಿನ ತೂತು ಸವೆದು ಹಿಡಿತ ಬಿಟ್ಟಿತ್ತು. ಗಟ್ಟಿ ಮರದ ಕಡ್ಡಿಗೆ ಅಂಟು ಹಚ್ಚಿ ತುಂಬಿ ಹೊಸದಾಗಿ ತೂತು ಕೊರೆದ ಮೇಲೆ ಸರಿಹೋಯಿತು.

ಕೈಕೊಟ್ಟಿದ್ದು ಮೂರನೇ ವರ್ಷ, ಅಭ್ಯಾಸದ ನಡುವೆ. ಇದ್ದಕ್ಕಿದ್ದಂತೆ ನಾದ ತಗಡಿನ ಡಬ್ಬಿಯೊಳಗಿಂದ ಬಂದಂತೆ ಸೊರಗಿತು. ಕೇಬಲ್ ಬದಲಿಸಿದೆ, ಆಂಪ್ ಬದಲಿಸಿದೆ, ಅದೇ ಕಥೆ. ಪಿಕ್‌ಗಾರ್ಡ್ ಎತ್ತಿ, ತಂತಿಯ ನಡುಕವನ್ನು ವಿದ್ಯುತ್ತಾಗಿಸುವ ಪಿಕಪ್ಪಿನ ಎರಡು ತುಂಡುಗಳಿಗೂ ಬೇರೆ ಬೇರೆಯಾಗಿ ಮೀಟರ್ ಹಿಡಿದೆ. ಒಂದು 5.3 ಕಿಲೋ ಓಮ್ ತೋರಿಸಿತು. ಇನ್ನೊಂದು ಏನೂ ಇಲ್ಲ. 1957ರಿಂದ ಈ ಬೇಸಿನ ಪಿಕಪ್ ಎರಡು ತುಂಡಿನದು. ಎರಡೂ ಸುರುಳಿ ಒಂದರ ಹಿಂದೆ ಒಂದು ಕೂಡಿ ಕರೆಂಟಿನ ಗುಂಯ್ ಸದ್ದನ್ನು ಕಳೆಯುತ್ತವೆ. ಹೀಗೆ ಒಂದರ ಹಿಂದೆ ಒಂದು ಕೂಡಿರುವುದರಿಂದ ಒಂದರ ತಂತಿ ಕಡಿದರೆ ಎರಡೂ ಹೋದ ಹಾಗೆ.

ಮುಚ್ಚಳ ತೆಗೆದಾಗ ಅಡಿಯ ಫೋಮ್ ಬೆರಳು ತಾಕಿದ್ದೇ ಪುಡಿಯಾಯಿತು. ಆಯಸ್ಕಾಂತದ ಕಡ್ಡಿಗೆ ತಾಮ್ರದ ತಂತಿಯನ್ನು ನೇರವಾಗಿ ಸುತ್ತಿದ್ದಾರೆ, ನಡುವೆ ಪ್ಲಾಸ್ಟಿಕ್ ಇಲ್ಲ. ಕಡ್ಡಿಗೆ ತುಕ್ಕು ಹಿಡಿದು ಒಳಗಿನ ಸುತ್ತನ್ನು ತಿಂದಿತ್ತು. ಕೂದಲಿಗಿಂತ ಸಣ್ಣ ತಂತಿ, ಹಸಿರುಗಟ್ಟಿತ್ತು. ಪೂರ್ತಿ ಪಿಕಪ್ ಬದಲಿಸಿ ಅಂದವರೇ ಹೆಚ್ಚು. ನಾನು ಆ ಅರ್ಧವನ್ನು ಮಾತ್ರ ಅದೇ 42 ಗೇಜ್ ತಂತಿಯಲ್ಲಿ ಮತ್ತೆ ಸುತ್ತಿಸಿದೆ. ಸುತ್ತುವವರಿಗೆ ಹೇಳಿದ್ದು ಒಂದೇ, ತುಕ್ಕು ತೆಗೆದು ಕಡ್ಡಿಗೆ ತೆಳುವಾಗಿ ಲ್ಯಾಕರ್ ಬಳಿದ ಮೇಲೆ ಸುತ್ತಿ ಅಂತ. ಕಣ್ಣುಮುಚ್ಚಿ ಕೇಳಿದರೆ ನನಗೆ ಹಳೇ ಅರ್ಧ ಯಾವುದು, ಹೊಸದು ಯಾವುದು ತಿಳಿಯುವುದಿಲ್ಲ. ತಿಳಿಯುತ್ತದೆ ಅನ್ನುವವರ ಜೊತೆ ವಾದಕ್ಕೆ ಹೋಗುವುದಿಲ್ಲ.

ಸಂಗ್ರಹಕಾರರ ಕಣ್ಣಲ್ಲಿ ಇದು ಈಗ 'ಪೂರ್ತಿ ಒರಿಜಿನಲ್' ಅಲ್ಲ. ಫ್ರೆಟ್ಟುಗಳನ್ನೂ ಹೊಸದಾಗಿ ಹಾಕಿಸಿದ್ದೇನೆ, ಐದರಿಂದ ಏಳರವರೆಗೆ ಹಳ್ಳ ಬಿದ್ದಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಇಡಲು ಬೇಸ್ ಹುಡುಕುವವರಿಗೆ ನನ್ನ ದಾರಿ ಬೇಡ. ಹೊಸ ಬೇಸಿನಲ್ಲಿ ಇಷ್ಟೆಲ್ಲ ರಗಳೆಯಿಲ್ಲ, ಅದೂ ಚೆನ್ನಾಗಿಯೇ ನುಡಿಯುತ್ತದೆ. ಆದರೂ ವಾರದಲ್ಲಿ ಐದು ದಿನ ಕೈ ಹೋಗುವುದು ಇದಕ್ಕೇ.

ಪಿಕಪ್ಪಿನ ಇನ್ನೊಂದು ಅರ್ಧ ಈಗಲೂ 1969ರ ತಂತಿಯಲ್ಲೇ ಇದೆ. ಅದು ನೆಟ್ಟಗಿದೆಯಾ ನೋಡಲು ಬಿಚ್ಚುವ ಅಗತ್ಯವಿಲ್ಲ, ವಾಲ್ಯೂಮ್ ಪೂರ್ತಿ ತೆರೆದು ಕೇಬಲ್ ಚುಚ್ಚಿ, ಅದರ ಆಚೆ ತುದಿಗೆ ಮೀಟರ್ ಹಿಡಿದರೆ ಸಾಕು. ತಿಂಗಳಿಗೊಮ್ಮೆ ಹಿಡಿದು ನೋಡುತ್ತೇನೆ. ಮೊನ್ನೆ ಎರಡೂ ಅರ್ಧ ಸೇರಿ 10.3 ಕಿಲೋ ಓಮ್ ಇತ್ತು.