ಸ್ಟ್ರೇ ಲೈಟ್ ಅಳೆಯಲು ಕೈಯಾರೆ ಮಾಡಿದ ದ್ರಾವಣವೋ, ಸೀಲ್ ಮಾಡಿದ ಸೆಲ್ಲೋ?

ವಿಜಯಪುರದ ಕಡೆ ಬೋರ್‌ವೆಲ್ ನೀರಿನ ನೈಟ್ರೇಟನ್ನು 220 ನ್ಯಾನೋಮೀಟರ್‌ನಲ್ಲಿ ಓದುವವರು ಮೊದಲು ಸ್ಪೆಕ್ಟ್ರೋಫೋಟೋಮೀಟರಿನ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಯಂತ್ರ) ಸ್ಟ್ರೇ ಲೈಟ್, ಅಂದರೆ ಆರಿಸಿದ ತರಂಗಾಂತರದ್ದಲ್ಲದ ದಾರಿ ತಪ್ಪಿದ ಬೆಳಕು, ಎಷ್ಟಿದೆ ನೋಡಬೇಕು. ಅದು ಶೇ. 1 ಇದ್ದರೂ ಸಾಕು, ನಿಜವಾಗಿ 2.0 ಇರುವ ಅಬ್ಸಾರ್ಬೆನ್ಸ್ (ಬೆಳಕು ಹೀರಿದ್ದರ ಅಳತೆ) ಸುಮಾರು 1.7 ಎಂದು ಬರುತ್ತದೆ. ನೈಟ್ರೇಟ್ ಕಡಿಮೆ ಕಾಣುತ್ತದೆ.

ಇದನ್ನು ಪರೀಕ್ಷಿಸುವ ದ್ರಾವಣವನ್ನು ಕೈಯಾರೆ ಮಾಡುವುದು ಅಗ್ಗ. 1 ಗ್ರಾಂ ಸೋಡಿಯಂ ಅಯೋಡೈಡನ್ನು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿ. 10 ಮಿ.ಮೀ. ಕ್ವಾರ್ಟ್ಸ್ ಕ್ಯುವೆಟ್ಟಿನಲ್ಲಿ (ದ್ರಾವಣ ತುಂಬಿ ಯಂತ್ರದಲ್ಲಿಡುವ ಚಿಕ್ಕ ಪಾತ್ರೆ), ಅದೇ ನೀರನ್ನು ಬ್ಲ್ಯಾಂಕ್ (ಹೋಲಿಕೆಯ ಸೊನ್ನೆ) ಆಗಿ ಇಟ್ಟು, 220ರಲ್ಲಿ ಓದಿ. ಈ ದ್ರಾವಣ ಅಲ್ಲಿ ಬೆಳಕನ್ನೇ ಬಿಡುವುದಿಲ್ಲ. ಹಾಗಾಗಿ ಹಾದು ಬಂದಂತೆ ಕಾಣುವ ಬೆಳಕು, ಅಂದರೆ ಟ್ರಾನ್ಸ್‌ಮಿಟನ್ಸ್ ಎಲ್ಲ ಸ್ಟ್ರೇ ಲೈಟೇ. ಅಬ್ಸಾರ್ಬೆನ್ಸ್ 3ಕ್ಕಿಂತ ಕೆಳಗಿದ್ದರೆ ಯಂತ್ರದಲ್ಲಿ ದೋಷವಿದೆ. ಗಾಜಿನ ಕ್ಯುವೆಟ್ ಬೇಡ, ಅದು ಈ ತರಂಗಾಂತರವನ್ನು ತಾನೇ ನುಂಗುತ್ತದೆ. ಗಾಳಿ, ಬೆಳಕು ತಗುಲಿದರೆ ಅಯೋಡಿನ್ ಬಿಡುಗಡೆಯಾಗಿ ದ್ರಾವಣ ಹಳದಿಯಾಗುತ್ತದೆ. ಪ್ರತಿ ಸಲ ಹೊಸದಾಗಿ ಮಾಡಿ.

ಸೀಲ್ ಮಾಡಿದ ಸೆಲ್, ಅಂದರೆ ಇಂಥ ದ್ರಾವಣ ತುಂಬಿ ಮುಚ್ಚಿಟ್ಟ ಕ್ಯುವೆಟ್, ದುಬಾರಿ, ಆದರೆ ಪ್ರಮಾಣಪತ್ರದೊಂದಿಗೆ ಬರುತ್ತದೆ. ಆಡಿಟ್ ಇರುವ ಲ್ಯಾಬಿಗೆ ಇದೇ ಸರಿ. ಕಾಲೇಜಿಗೆ, ಸಣ್ಣ ಲ್ಯಾಬಿಗೆ ಮೊದಲನೆಯದೇ ಸಾಕು.

ಯಾವುದನ್ನೇ ಆರಿಸಿ, ಒಮ್ಮೆ ಯಂತ್ರದ ಮುಚ್ಚಳದ ಮೇಲೆ ಕಪ್ಪು ಬಟ್ಟೆ ಹೊದಿಸಿ ಮತ್ತೆ ಓದಿ. ಅಂಕಿ ಬದಲಾದರೆ ಕೋಣೆಯ ಬೆಳಕು ಒಳಗೆ ನುಗ್ಗುತ್ತಿದೆ. ಬದಲಾಗದೆ 3ಕ್ಕಿಂತ ಕೆಳಗೇ ಉಳಿದರೆ ಹಳೆಯ ಡ್ಯೂಟೀರಿಯಂ ದೀಪ (ಯಂತ್ರದ ಅತಿನೇರಳೆ ಬೆಳಕಿನ ದೀಪ), ಧೂಳು ಹಿಡಿದ ಕನ್ನಡಿಗಳ ಮೇಲೆ ಅನುಮಾನ ಪಡಿ.