ಎರಡು ಸ್ಟ್ರೈಕ್ ಆದ ಮೇಲೆ ಹೊಡೆಯುವ ಮೂರು ಕ್ರಮಗಳು: ಒಂದು ಹೋಲಿಕೆ

ನ್ಯೂಜೆರ್ಸಿಯಲ್ಲಿ ಹನ್ನೊಂದು-ಹನ್ನೆರಡು ವಯಸ್ಸಿನ ಮಕ್ಕಳ ಲಿಟಲ್ ಲೀಗ್ ತಂಡವೊಂದಕ್ಕೆ ಬೇಸ್‌ಬಾಲ್ ಹೇಳಿಕೊಡುತ್ತಿರುವ ನಾನು, ಎರಡು ಸ್ಟ್ರೈಕ್ (ಬೀಸಿ ತಪ್ಪಿದ, ಇಲ್ಲವೇ ಹೊಡೆಯಬಹುದಾಗಿದ್ದೂ ಬಿಟ್ಟ ಚೆಂಡು; ಮೂರಾದರೆ ಔಟ್) ಬಿದ್ದ ಮೇಲೆ ಬ್ಯಾಟರ್ ಏನನ್ನು ಬದಲಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಮೂರು ಉತ್ತರಗಳನ್ನು ಅಭ್ಯಾಸದಲ್ಲೂ ಪಂದ್ಯದಲ್ಲೂ ಪ್ರಯೋಗಿಸಿ ನೋಡಿದ್ದೇನೆ. ಒಂದು, ಬ್ಯಾಟಿನ ಹಿಡಿಯನ್ನು ಒಂದಿಂಚು ಮೇಲಕ್ಕೆ ಹಿಡಿಯುವುದು. ಇನ್ನೊಂದು, ಕಾಲುಗಳನ್ನು ಅಗಲಿಸಿ ನಿಂತು, ಮುಂದಿನ ಹೆಜ್ಜೆ ಇಡದೆಯೇ ಹೊಡೆಯುವುದು. ಮತ್ತೊಂದು, ಹಿಡಿತವನ್ನೂ ನಿಲುವನ್ನೂ ಹಾಗೆಯೇ ಇಟ್ಟುಕೊಂಡು, ಹೊಡೆಯಲು ಒಪ್ಪಿಕೊಳ್ಳುವ ಚೆಂಡುಗಳ ವ್ಯಾಪ್ತಿಯನ್ನು ಮಾತ್ರ ಹಿಗ್ಗಿಸಿಕೊಳ್ಳುವುದು.

ಇವುಗಳನ್ನು ತೂಗಿ ನೋಡುವ ಮುನ್ನ ನಿಯಮವೊಂದನ್ನು ಗಮನಿಸಬೇಕು. ಎರಡು ಸ್ಟ್ರೈಕ್ ಆದ ಮೇಲೆ ಫೌಲ್ ಹೋದ, ಅಂದರೆ ಬ್ಯಾಟಿಗೆ ತಗುಲಿ ಗೆರೆಗಳ ಹೊರಗೆ ಹೋದ ಚೆಂಡನ್ನು ಮೂರನೆಯ ಸ್ಟ್ರೈಕ್ ಎಂದು ಎಣಿಸುವುದಿಲ್ಲ. ಬಂಟ್ ಮಾಡಲು (ಬೀಸದೆ ಬ್ಯಾಟನ್ನು ಚೆಂಡಿಗೆ ಒಡ್ಡಲು) ಹೋಗಿ ಫೌಲ್ ಆದರೆ, ಅಥವಾ ಬ್ಯಾಟಿಗೆ ಸವರಿದ ಚೆಂಡನ್ನು ಬ್ಯಾಟರ್ ಹಿಂದಿರುವ ಕ್ಯಾಚರ್ ನೇರವಾಗಿ ಹಿಡಿದರೆ ಮಾತ್ರ ಅದು ಮೂರನೆಯ ಸ್ಟ್ರೈಕ್. ಕ್ರಿಕೆಟ್ ನೋಡಿ ಬೆಳೆದ ನಮ್ಮವರು ಗ್ಯಾಲರಿಯಿಂದ ಮಕ್ಕಳಿಗೆ ‘ಸುಮ್ಮನೆ ತಡಿ, ಸಾಕು’ ಎಂದು ಕೂಗುತ್ತಾರೆ. ಆದರೆ ಇಲ್ಲಿ ತಡೆದ ಚೆಂಡು ಗೆರೆಗಳ ಒಳಗೆ ಬಿದ್ದರೆ ಓಡಲೇಬೇಕು, ಹಾಗೆ ಮೆತ್ತಗೆ ಉರುಳಿದ ಚೆಂಡಿಗೆ ಔಟಾಗುವುದೇ ಹೆಚ್ಚು. ಆದ್ದರಿಂದ ಗುರಿ ತಡೆಯುವುದಲ್ಲ. ಒಳ್ಳೆಯ ಚೆಂಡನ್ನು ಗಟ್ಟಿಯಾಗಿ ಹೊಡೆಯುವುದು, ಕಷ್ಟದ ಚೆಂಡನ್ನು ಫೌಲ್ ಮಾಡಿ ಉಳಿದುಕೊಳ್ಳುವುದು. ಈ ವಯಸ್ಸಿನ ಪಿಚರ್‌ಗೆ (ಚೆಂಡೆಸೆಯುವವರಿಗೆ) ಲಿಟಲ್ ಲೀಗ್ ದಿನಕ್ಕೆ 85 ಪಿಚ್‌ಗಳ (ಎಸೆತಗಳ) ಮಿತಿ ಇಟ್ಟಿರುವುದರಿಂದ, ಅಂಥ ಪ್ರತಿಯೊಂದು ಫೌಲ್ ಕೂಡ ಎದುರಾಳಿಯ ಒಳ್ಳೆಯ ಪಿಚರ್ ಬೇಗ ಹೊರಹೋಗುವಂತೆ ಮಾಡುತ್ತದೆ.

ಹಿಡಿ ಮೇಲೇರಿಸುವ ಕ್ರಮಕ್ಕೇ ನಾನು ಹೆಚ್ಚು ಅಂಕ ಕೊಡುತ್ತೇನೆ. ಪಿಚರ್ ನಿಲ್ಲುವ ಜಾಗಕ್ಕೂ ಪ್ಲೇಟಿಗೂ (ಬ್ಯಾಟರ್ ಪಕ್ಕದಲ್ಲಿ ನೆಲದ ಮೇಲಿರುವ ಫಲಕಕ್ಕೂ) ಇರುವ ದೂರ 46 ಅಡಿ; ಗಂಟೆಗೆ 60 ಮೈಲಿ ವೇಗದ ಚೆಂಡು ಅದನ್ನು ದಾಟಲು ಸುಮಾರು ಅರ್ಧ ಸೆಕೆಂಡ್ ಸಾಕು. ಅಷ್ಟು ಕಡಿಮೆ ಸಮಯದಲ್ಲಿ, ಒಂದಿಂಚು ಮೇಲೆ ಹಿಡಿದ ಬ್ಯಾಟು ಮಗುವಿನ ಕೈಯಲ್ಲಿ ಹಗುರಾಗಿ, ಬೇಗ ತಿರುಗುತ್ತದೆ. ಇದರ ಇನ್ನೊಂದು ಲಾಭ ನನಗೆ ಏಪ್ರಿಲ್‌ನ ಚಳಿಯಲ್ಲಿ ಕಂಡುಬಂತು. ಒಳಬದಿಗೆ, ಅಂದರೆ ಬ್ಯಾಟರ್‌ನ ಮೈ ಹತ್ತಿರಕ್ಕೆ, ಬಂದ ಚೆಂಡು ಲೋಹದ ಬ್ಯಾಟಿನ ಹಿಡಿಯ ಹತ್ತಿರ ತಗುಲಿದರೆ ಅಂಗೈ ಜುಮ್ಮೆನ್ನುತ್ತದೆ, ಆಮೇಲೆ ಆ ಮಗು ಒಳಬದಿಯ ಚೆಂಡಿಗೆಲ್ಲ ಹಿಂದೆ ಸರಿಯತೊಡಗುತ್ತದೆ. ಮೇಲೆ ಹಿಡಿದವರಿಗೆ ಈ ಪೆಟ್ಟು ಕಡಿಮೆ. ನಷ್ಟವೆಂದರೆ ಹೊರಬದಿಗೆ ಬ್ಯಾಟಿನ ಎಟುಕು ಅಷ್ಟರಮಟ್ಟಿಗೆ ತಗ್ಗುತ್ತದೆ, ಹಾಗಾಗಿ ಪ್ಲೇಟಿಗೆ ಸ್ವಲ್ಪ ಹತ್ತಿರ ನಿಲ್ಲುವಂತೆ ಹೇಳಬೇಕು. ಮಕ್ಕಳಿಗೆ ಹೇಳಿದ್ದು ಪಂದ್ಯದ ಗಡಿಬಿಡಿಯಲ್ಲಿ ಮರೆತುಹೋಗುವುದರಿಂದ, ನಾನು ಪ್ರತಿ ಬ್ಯಾಟಿನ ಗ್ರಿಪ್ ಮೇಲೆ ಒಂದಿಂಚು ಎತ್ತರದಲ್ಲಿ ಬಿಳಿ ಟೇಪಿನ ತೆಳುವಾದ ಸುತ್ತೊಂದನ್ನು ಹಾಕಿಸಿದೆ. ಈಗ ಅವರ ಕಿರುಬೆರಳು ನೋಡದೆಯೇ ಆ ಉಬ್ಬನ್ನು ಹುಡುಕಿಕೊಳ್ಳುತ್ತದೆ. ಮೇಲೆ ಹಿಡಿಯುವುದು ಬಲವಿಲ್ಲದವರ ಲಕ್ಷಣವೆಂದು ಮುಖ ಸಿಂಡರಿಸುವ ಹುಡುಗರಿಗೆ, 2001ರಲ್ಲಿ 73 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆದ ಬ್ಯಾರಿ ಬಾಂಡ್ಸ್ ಸದಾ ಹಾಗೆಯೇ ಹಿಡಿಯುತ್ತಿದ್ದರು ಎಂದು ತಿಳಿಸಿದರೆ ಸಾಕು. ಇನ್ನೊಬ್ಬ ವೃತ್ತಿಪರ ಬ್ಯಾಟರ್ ಜೋಯಿ ವಾಟೊ ಅವರಂತೂ ಎರಡು ಸ್ಟ್ರೈಕ್ ಆದ ಮೇಲೆ ಇನ್ನೂ ಮೇಲಕ್ಕೆ ಹಿಡಿಯುತ್ತಿದ್ದರು.

ಹೆಜ್ಜೆಯಿಲ್ಲದ ಅಗಲ ನಿಲುವಿನ ಫಲ ಮಗುವಿನಿಂದ ಮಗುವಿಗೆ ಬೇರೆ. ನಮ್ಮ ತಂಡದ ಹುಡುಗಿಯೊಬ್ಬಳು ಚೆಂಡು ಬರುವ ಮುನ್ನ ಮೊಣಕಾಲನ್ನು ಎತ್ತರಕ್ಕೆ ಎತ್ತುತ್ತಿದ್ದಳು. ವೇಗದ ಚೆಂಡಿಗೆ ಅದು ಒಗ್ಗುತ್ತಿತ್ತು, ನಿಧಾನದ ಚೇಂಜ್‌ಅಪ್ ಬಂದಾಗ ಮಾತ್ರ ಮೈಭಾರವೆಲ್ಲ ಮುಂದಕ್ಕೆ ವಾಲಿ, ಚೆಂಡು ತಲುಪುವ ಹೊತ್ತಿಗೆ ಅವಳ ಸ್ವಿಂಗ್ ಮುಗಿದಿರುತ್ತಿತ್ತು. ಅಗಲವಾಗಿ ನಿಂತು ಮುಂಗಾಲಿನ ಹಿಮ್ಮಡಿಯನ್ನಷ್ಟೇ ಎತ್ತಿ ಇಳಿಸುವಂತೆ ಕಲಿಸಿದ ಮೇಲೆ ಅವಳ ತಲೆ ಅಲುಗುವುದು ನಿಂತಿತು, ಚೇಂಜ್‌ಅಪ್ಪನ್ನು ಕಾದು ಹೊಡೆಯತೊಡಗಿದಳು. ಆದರೆ ಸಣ್ಣ ಮೈಕಟ್ಟಿನ ಮಕ್ಕಳಿಗೆ ಹೊಡೆತದ ಬಲ ಆ ಹೆಜ್ಜೆಯಿಂದಲೇ ಬರುತ್ತದೆ. ಅದನ್ನು ಕಿತ್ತುಕೊಂಡರೆ ಸೊಂಟ ತಿರುಗುವುದಿಲ್ಲ, ಬರೀ ತೋಳಿನಿಂದ ಹೊಡೆದ ಚೆಂಡು ಪಿಚರ್‌ನ ಕಾಲ ಬಳಿಯೇ ನಿಲ್ಲುತ್ತದೆ. ಋತುವಿನ ನಡುವೆ ಇದನ್ನು ಕಲಿಸಹೊರಟರೆ ಮಗುವಿನ ಗಮನವೆಲ್ಲ ಪಾದಗಳ ಮೇಲೆ ಹೋಗಿ ಚೆಂಡು ತಪ್ಪಿಹೋಗುತ್ತದೆ. ಬೇಕಿದ್ದವರಿಗೆ ಚಳಿಗಾಲದಲ್ಲೇ, ಒಳಾಂಗಣದ ಬಲೆಯಲ್ಲಿ ಕಲಿಸಬೇಕು.

ವ್ಯಾಪ್ತಿ ಹಿಗ್ಗಿಸುವ ಸಲಹೆ ಮೈದಾನದಲ್ಲಿ ಅತಿ ಹೆಚ್ಚು ಕೇಳಿಬರುವುದು, ‘ಪ್ಲೇಟ್ ಕಾಯಿ’ ಎಂಬ ಅರ್ಥದ ಕೂಗಿನ ರೂಪದಲ್ಲಿ. ಅಳತೆಯಿಲ್ಲದೆ ಹೀಗೆ ಹೇಳಿದರೆ ಅದು ಮೂರರಲ್ಲೂ ಅತ್ಯಂತ ಹಾನಿಕರವೆಂಬುದು ನನ್ನ ಖಚಿತ ಅಭಿಪ್ರಾಯ. ಹೆದರಿದ ಮಗು ಅದನ್ನು ‘ಬಂದದ್ದಕ್ಕೆಲ್ಲ ಬೀಸು’ ಎಂದೇ ಅರ್ಥಮಾಡಿಕೊಂಡು, ತಲೆಯ ಮೇಲೆ ಹೋಗುವ ಚೆಂಡಿಗೂ ಬ್ಯಾಟು ಬೀಸುತ್ತದೆ. ನಿಂತು ನೋಡುತ್ತಾ ಔಟಾಗುವುದು ಕಡಿಮೆಯಾಗುತ್ತದೆ ನಿಜ, ಆದರೆ ನಾಲ್ಕು ‘ಬಾಲ್’ (ಸ್ಟ್ರೈಕ್ ವ್ಯಾಪ್ತಿಯ ಹೊರಗೆ ಬಂದ, ಬೀಸದೆ ಬಿಟ್ಟ ಎಸೆತ) ಪಡೆದು ಮೊದಲ ಬೇಸಿಗೆ ನಡೆದುಹೋಗಬೇಕಾದ ಮಗುವೂ ಬೀಸಿ ಔಟಾಗುತ್ತದೆ. ಅಳತೆ ಕೊಟ್ಟಾಗ ಪರಿಸ್ಥಿತಿ ಬೇರೆ. ಹದಿನೇಳು ಇಂಚು ಅಗಲದ ಪ್ಲೇಟಿನ ಹೊರ ಅಂಚಿಗೆ ತಾಗಿಸಿ ನೆಲದ ಮೇಲೆ ಒಂದು ಚೆಂಡನ್ನು ಇಟ್ಟು, ಎರಡು ಸ್ಟ್ರೈಕ್ ಆದ ಮೇಲೆ ಪ್ಲೇಟು ಅಲ್ಲಿಯವರೆಗೆ ಇದೆ, ಅದರಾಚೆ ಇಲ್ಲ ಎಂದು ತೋರಿಸಿದೆ. ಈ ಹಂತದ ಅಂಪೈರುಗಳು ಹೊರಬದಿಯ ಚೆಂಡನ್ನು ಉದಾರವಾಗಿ ಸ್ಟ್ರೈಕ್ ಎನ್ನುವುದನ್ನು ನಾನು ಮತ್ತೆ ಮತ್ತೆ ಕಂಡಿರುವುದರಿಂದ, ಹೊರಗೆ ಮಾತ್ರ ಹಿಗ್ಗಿಸಿ ಒಳಬದಿಯನ್ನು ಇದ್ದಂತೆಯೇ ಬಿಟ್ಟೆ.

ಈಗ ನಮ್ಮ ತಂಡದಲ್ಲಿ ಎಲ್ಲರೂ ಬಿಳಿ ಟೇಪಿನವರೆಗೆ ಹಿಡಿ ಏರಿಸುತ್ತಾರೆ, ಹೊರಗಿನ ಒಂದು ಚೆಂಡಿನಗಲವನ್ನು ಸೇರಿಸಿಕೊಳ್ಳುತ್ತಾರೆ, ಮತ್ತು ಚೆಂಡನ್ನು ಇನ್ನಷ್ಟು ಹತ್ತಿರ ಬರಗೊಟ್ಟು, ಬಲಗೈ ಬ್ಯಾಟರ್ ಆದರೆ ಎರಡನೆಯ ಬೇಸ್ ಕಾಯುವ ಆಟಗಾರನ ತಲೆಯ ಮೇಲಿಂದ ಬಲಬದಿಗೆ ಹೊಡೆಯಲು ನೋಡುತ್ತಾರೆ. ಅಗಲ ನಿಲುವು ಹೆಜ್ಜೆ ದೊಡ್ಡದಿರುವ ಕೆಲವರಿಗೆ ಮಾತ್ರ. ಪಿಚರ್ ತೀರಾ ನಿಧಾನದವನಾದರೆ ಹಿಡಿತ ಬದಲಿಸಲೂ ನಾನು ಹೇಳುವುದಿಲ್ಲ. ಅಂಥ ದಿನ ಬೇಗ ಬೀಸಿಬಿಡುವುದೇ ಅಪಾಯವಾದ್ದರಿಂದ, ಹೊರ ಅಂಚಿನ ಆ ಚೆಂಡಿನ ಅಳತೆಯೊಂದನ್ನೇ ಉಳಿಸಿಕೊಳ್ಳುತ್ತೇವೆ.